ಅಸೀಲ್ ಕೋಳಿಯ ದೂರದ ಪಯಣ

ಅಂಗಡಿಯ ಪಂಜರದಲ್ಲಿ ಕುಳಿತ ಬಿಳಿಯ ಬ್ರಾಯ್ಲರ್ ಕೋಳಿಯನ್ನು ನೀವು ನೋಡಿದ್ದೀರಿ. ಅದರ ಅಗಲವಾದ ಎದೆಯಲ್ಲಿ ನಮ್ಮ ದೇಶದ ಕೋಳಿಯೊಂದರ ಪಾಲಿದೆ ಎಂದರೆ ನಂಬುತ್ತೀರಾ? ಕಾರ್ಯಕ್ರಮದಲ್ಲಿ ಹೇಳಲು ಸಮಯ ಸಾಲದ ಕಥೆಯಿದು.

ಆ ಕೋಳಿಯ ಹೆಸರು ಅಸೀಲ್. ಆಂಧ್ರದ ಕಡೆ ಕಾಳಗಕ್ಕೆ ಹೆಸರಾದ ತಳಿ. ಉದ್ದ ಕಾಲು, ನೆಟ್ಟನೆಯ ನಿಲುವು, ಗಟ್ಟಿ ಮಾಂಸಖಂಡ. ಅರಬ್ಬಿಯಲ್ಲಿ ಅಸೀಲ್ ಎಂದರೆ ಶುದ್ಧ ಕುಲದ್ದು. ನಾವು ‘ಅಸಲಿ, ನಕಲಿ’ ಎನ್ನುತ್ತೇವಲ್ಲ, ಆ ‘ಅಸಲಿ’ಗೂ ಇದೇ ಬೇರು. 19ನೆಯ ಶತಮಾನದಲ್ಲಿ ಅಸೀಲ್ ಇಂಗ್ಲೆಂಡಿನ ಕಾರ್ನ್‌ವಾಲ್ ಸೇರಿತು. ಅಲ್ಲಿ ಅದನ್ನು ಸ್ಥಳೀಯ ಕಾಳಗದ ಕೋಳಿಗಳೊಡನೆ ಕೂಡಿಸಿ ಪಡೆದ ತಳಿಗೆ ‘ಇಂಡಿಯನ್ ಗೇಮ್’ ಎಂದು ಹೆಸರಿಟ್ಟರು. ಕಾಳಗಕ್ಕೆ ಅದು ಒದಗಲಿಲ್ಲ, ಆದರೆ ಎದೆಯ ತುಂಬ ಮಾಂಸ! ಅಮೆರಿಕ ತಲುಪಿದ ಮೇಲೆ ಅದೇ ‘ಕಾರ್ನಿಷ್’ ಆಯಿತು.

ಆಗ ಅಮೆರಿಕದ ಸಣ್ಣ ರೈತರ ಮನೆಗಳಲ್ಲಿ ಡಾಮಿನಿಕ್, ಪ್ಲಿಮತ್ ರಾಕ್, ರೋಡ್ ಐಲೆಂಡ್ ರೆಡ್ ತಳಿಗಳು ಹುಲ್ಲು ಹುಳು ಕೆದಕಿ ತಿಂದು ಬೆಳೆಯುತ್ತಿದ್ದವು. ಮೊಟ್ಟೆ ಮಾರಿದ ಹಣ ಮನೆಯೊಡತಿಯದು. ನಮ್ಮ ಹಳ್ಳಿಗಳಲ್ಲಿಯೂ ಹಾಗೆಯೇ ಅಲ್ಲವೆ?

1948ರಲ್ಲಿ ಡೆಲಾವೇರ್ ರಾಜ್ಯದಲ್ಲಿ ‘ನಾಳೆಯ ಕೋಳಿ’ ಎಂಬ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. 25 ರಾಜ್ಯಗಳಿಂದ 40 ಸ್ಪರ್ಧಿಗಳು ತಲಾ 720 ಮೊಟ್ಟೆ ಕಳುಹಿಸಿದ್ದರು. ಎಲ್ಲವನ್ನೂ ಒಂದೇ ರೀತಿ ಮರಿ ಮಾಡಿಸಿ, 12 ವಾರ ಸಾಕಿ, ತೂಗಿ, ಕೊಯ್ದು ನೋಡಿದರು. ಗೆದ್ದವರು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವಾಂಟ್ರೆಸ್. ಅವರದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಮಿಶ್ರಣ. ಇಂದಿನ ಬ್ರಾಯ್ಲರ್ ಆ ದಾರಿಯಲ್ಲೇ ಬಂದದ್ದು. 6 ವಾರದೊಳಗೆ 2 ಕಿಲೋ ದಾಟುತ್ತದೆ. ಅದರಿಂದ ಬಡವರ ತಟ್ಟೆಗೂ ಮಾಂಸ ಬಂತು, ಅದನ್ನು ಅಲ್ಲಗಳೆಯಲಾಗದು.

ಆದರೆ ಒಂದು ತೊಡಕಿದೆ. ಮೆಂಡೆಲನ ಬಟಾಣಿಯ ಪಾಠ ನೆನಪಿದೆಯೆ? ಮಿಶ್ರತಳಿಯ ಸಂತಾನದಲ್ಲಿ ಗುಣಗಳು ಮತ್ತೆ ಬೇರೆಬೇರೆಯಾಗಿ ಚೆದರುತ್ತವೆ. ಹೈಬ್ರಿಡ್ ಜೋಳದ ಬೀಜವನ್ನು ರೈತ ಪ್ರತಿ ವರ್ಷ ಕೊಳ್ಳುವಂತೆ, ಬ್ರಾಯ್ಲರ್ ಮರಿಗಳನ್ನೂ ಪ್ರತಿ ಸಲ ಕಂಪನಿಯಿಂದಲೇ ತರಬೇಕು. ಬೀಜ ರೈತನ ಕೈಬಿಟ್ಟಿತು. ಹಳೆಯ ತಳಿಗಳು ಒಂದೊಂದಾಗಿ ಅಳಿವಿನ ಅಂಚಿಗೆ ಸರಿದವು.

ಅವನ್ನು ಉಳಿಸಲೆಂದು 1977ರಲ್ಲಿ ಅಮೆರಿಕದಲ್ಲಿ ಒಂದು ಸಂಸ್ಥೆ ಹುಟ್ಟಿತು. ಈಗ ಅದರ ಹೆಸರು ಲೈವ್‌ಸ್ಟಾಕ್ ಕನ್ಸರ್ವೆನ್ಸಿ. ‘ಪಾರಂಪರಿಕ ಕೋಳಿ’ ಎಂದರೆ ಯಾವುದು ಎಂಬುದನ್ನು ಅದು 2009ರಲ್ಲಿ ವಿವರಿಸಿತು: ತಾನಾಗಿ ಕೂಡಿ ಸಂತಾನ ಪಡೆಯಬೇಕು, ಹೊರಗೆ ಬಹುಕಾಲ ಬಾಳಬೇಕು, ಮಾರುವ ತೂಕಕ್ಕೆ ಬರಲು ಕನಿಷ್ಠ 16 ವಾರ ಹಿಡಿಯಬೇಕು. ಈ ತಳಿಗಳನ್ನು ಸಾಕುವವರಲ್ಲಿ ಕೆಲವರು ಅಡಿಯಿಲ್ಲದ ಪಂಜರವನ್ನು ಹುಲ್ಲುಗಾವಲಿನಲ್ಲಿ ದಿನವೂ ಮುಂದಕ್ಕೆ ಸರಿಸುತ್ತಾರೆ. ಕೋಳಿಗೆ ಹೊಸ ಹುಲ್ಲು, ಹುಳು. ನೆಲಕ್ಕೆ ಹಿಕ್ಕೆಯ ಗೊಬ್ಬರ. ಹುಲ್ಲಿನಿಂದಲೇ ಹೊಟ್ಟೆ ತುಂಬುತ್ತದೆಂದು ತಿಳಿಯಬೇಡಿ, ಕಾಳು ಹಾಕಲೇಬೇಕು. ಬೆಳೆಯಲು ಹೆಚ್ಚು ದಿನ, ಹೆಚ್ಚು ಕಾಳು. ಹೀಗಾಗಿ ಬೆಲೆಯೂ ಹೆಚ್ಚು. ಕೊಂಡು ತಿನ್ನುವವರಿದ್ದರೆ ಮಾತ್ರ ತಳಿ ಉಳಿಯುತ್ತದೆ. ವಿಚಿತ್ರ, ಆದರೆ ನಿಜ.

ಹಿಂದೊಮ್ಮೆ ಚಿತ್ರೀಕರಣಕ್ಕೆಂದು ನಮ್ಮ ಕಡೆಯ ಒಂದು ಸಣ್ಣ ತೋಟಕ್ಕೆ ಹೋಗಿದ್ದೆ. ಕ್ಯಾಮೆರಾ ಚಾಲೂ ಆದಾಗಲೆಲ್ಲ ನಾಟಿ ಹುಂಜ ಕೂಗಿ ಧ್ವನಿಮುದ್ರಣ ಕೆಡಿಸುತ್ತಿತ್ತು. ಮನೆಯಾಕೆ ಮಂಕರಿಯಲ್ಲಿ ಮರಳು ಹರಡಿ, ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಇಟ್ಟು, ಹೇಂಟೆಯನ್ನು ಕಾವಿಗೆ ಕೂರಿಸಿದರು. “ಮರಿ ಎಲ್ಲಿಂದ ತರ್ತೀರಮ್ಮ?” ಎಂದು ನಮ್ಮ ಹುಡುಗನೊಬ್ಬ ಕೇಳಿದ.

“ತರೋದ್ಯಾಕಪ್ಪ?” ಎಂದು ನಕ್ಕ ಆಕೆ, 21 ದಿನ ಕಳೆದು ಬಾ ಎಂದರು.