ಬೊಮ್ಮನ ಹೆಸರು ಉಳಿದದ್ದು ಕೈರೋದ ರದ್ದಿಯಲ್ಲಿ

ನಮ್ಮದು ಮುಧೋಳ. ನಾಯಿಗೆ ಹೆಸರಾದ ಮುಧೋಳ ಅಲ್ಲ, ಸೇಡಂ ತಾಲೂಕಿನ ಮುಧೋಳ. ಇದೇ ತಾಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡ ಇದೆ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದ ಇಬ್ನ್ ಖುರ್ದಾದ್‌ಬೆಹ್ ತನ್ನ ಪುಸ್ತಕದಲ್ಲಿ ಹಿಂದೂಸ್ತಾನದ ಅತಿ ದೊಡ್ಡ ರಾಜ 'ಬಲ್ಹರಾ' ಅಂತ ಬರೆದ. ಬಲ್ಹರಾ ಅಂದ್ರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ. ರಾಧಾನೀ ಎಂಬ ಯಹೂದಿ ವರ್ತಕರು ಯುರೋಪಿನಿಂದ ಸಿಂಧ್, ಹಿಂದ್, ಚೀನಾದವರೆಗೂ ವ್ಯಾಪಾರಕ್ಕೆ ಹೋಗುತ್ತಿದ್ದರಂತೆ!

ಆದರೆ ಅವರಲ್ಲಿ ಒಬ್ಬನ ಹೆಸರನ್ನೂ ಆತ ಬರೆದಿಲ್ಲ. ಹೆಸರು, ಮನೆ, ಮಕ್ಕಳ ಸಮೇತ ಒಬ್ಬ ಯಹೂದಿ ವರ್ತಕ ಕರ್ನಾಟಕದಲ್ಲಿ ಸಿಗಬೇಕಾದರೆ ಹನ್ನೆರಡನೇ ಶತಮಾನದ ಮಂಗಳೂರಿಗೇ ಹೋಗಬೇಕು.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಟ್ಯುನಿಸಿಯಾದ ಮಹ್ದಿಯಾ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಕಲ್ಯಾಣದಲ್ಲಿ ಮೂರನೇ ಸೋಮೇಶ್ವರ, ತುಳುನಾಡಿನಲ್ಲಿ ಆಳುಪರು ಆಳುತ್ತಿದ್ದ ಕಾಲ ಅದು. ಕಾಳುಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್ನಿನಿಂದ ಹಳೇ ಪಾತ್ರೆ, ತಾಮ್ರ ಬರುತ್ತಿತ್ತು, ಇಲ್ಲಿಂದ ಹೊಸ ಪಾತ್ರೆ ಹೋಗುತ್ತಿತ್ತು. ಬರೀ ವ್ಯಾಪಾರಿ ಅಲ್ಲ, ಧರ್ಮಶಾಸ್ತ್ರ ಓದಿದವ, ಹೀಬ್ರೂನಲ್ಲಿ ಪದ್ಯವನ್ನೂ ಕಟ್ಟುತ್ತಿದ್ದ.

1132ರ ಅಕ್ಟೋಬರ್‌ನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವನ ಮಕ್ಕಳ ತಾಯಿ ಇವಳೇ ಅಂತ ವಿದ್ವಾಂಸರ ತರ್ಕ, ಮಲಬಾರಿನ ನಾಯರ್ ಮನೆತನದವಳಿರಬಹುದು ಅಂತಲೂ ಹೇಳ್ತಾರೆ. ಆ ಹೆಣ್ಣುಮಗಳದ್ದು ಅಂತ ಒಂದು ಮಾತೂ ನಮಗೆ ಉಳಿದಿಲ್ಲ.

ಇನ್ನೊಬ್ಬ ಅವನ ಆಳು. ಸರಕಿನ ಜೊತೆ ಏಡನ್ನಿಗೆ ಹೋಗಿಬರುತ್ತಿದ್ದ. ಏಡನ್ನಿನ ದೊಡ್ಡ ವರ್ತಕ ಮದ್ಮೂನ್ ಅವನಿಗೆ ಕೊಟ್ಟ ಹಣದ ಲೆಕ್ಕ ಬರೆದಿಟ್ಟಿದ್ದಾನೆ. ಅಲ್ಲಿಂದ ಬಂದ ಕಾಗದಗಳಲ್ಲಿ ಅವನಿಗೂ ಕ್ಷೇಮಸಮಾಚಾರ ಇರುತ್ತಿತ್ತು. ಭಾಷೆ ಅರಬ್ಬಿ, ಲಿಪಿ ಹೀಬ್ರೂ, ಸ್ವರ ಬರೆಯುವ ರೂಢಿ ಇಲ್ಲ. ಹೆಸರು 'ಬಮ' ಅಂತ ಮಾತ್ರ ಕಾಣುತ್ತದೆ. ಲೇಖಕ ಅಮಿತಾವ್ ಘೋಷ್ ಇವನ ಜಾಡು ಹಿಡಿದು ಮಂಗಳೂರಿಗೆ ಬಂದಾಗ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು ನಮ್ಮ 'ಬೊಮ್ಮ' ಅಂತ ತಿಳಿಯಿತು. ಘೋಷ್ ಅವರ 'ಇನ್ ಆನ್ ಆಂಟಿಕ್ ಲ್ಯಾಂಡ್' 1992ರಲ್ಲಿ ಬಂತು.

ಈ ಕಾಗದಗಳು ಉಳಿದದ್ದಾದರೂ ಹೇಗೆ? ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದು ಅಂತ ಯಹೂದಿಗಳ ನಿಯಮ. ಹಳೇ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯೊಂದರಲ್ಲಿ, ಅದರ ಹೆಸರು ಗೆನಿಜಾ, ಶತಮಾನಗಟ್ಟಲೆ ರದ್ದಿ ಬಿದ್ದಿತ್ತು. ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ 1896-97ರಲ್ಲಿ ಅದರ ಬಹುಭಾಗವನ್ನು ಒಯ್ದರು. ಅದರೊಳಗಿನ ಹಿಂದೂಸ್ತಾನದ ವ್ಯಾಪಾರದ ಕಾಗದಗಳನ್ನು ಹೆಕ್ಕಿ ಓದುವುದಕ್ಕೆ ಗೊಯ್‌ಟೈನ್ ಎಂಬ ವಿದ್ವಾಂಸರು ದಶಕಗಳನ್ನೇ ಕೊಟ್ಟರು.

ಅದೇ ರಾಶಿಯಲ್ಲಿ ಇನ್ನೊಂದು ಕಾಗದ ಇದೆ. ಯಹೂದಿಗಳ ಮಹಾಪಂಡಿತ, ವೈದ್ಯ ಮೈಮೊನಿಡೀಸ್ (1138-1204) ಕೈರೋದ ಅದೇ ಭಾಗದಲ್ಲಿ ಬಾಳಿದವರು. ಅವರ ತಮ್ಮ ಡೇವಿಡ್ ಹಿಂದೂಸ್ತಾನಕ್ಕೆ ಹೊರಟು, ಕೆಂಪು ಸಮುದ್ರದ ಬಂದರಿನಿಂದ ಅಣ್ಣನಿಗೆ ಧೈರ್ಯ ಹೇಳಿ ಬರೆದ ಓಲೆ. ಅವನು ಕಡಲಲ್ಲೇ ಮುಳುಗಿಹೋದ. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದರು. ನಮ್ಮ ಕರಾವಳಿಯ ಮೆಣಸಿನ ಹಿಂದೆ ಇಂಥ ದುಃಖಗಳೂ ಇದ್ದವು ನೋಡಿ.

1148ರಲ್ಲಿ ಸಿಸಿಲಿಯ ರಾಜ ಮಹ್ದಿಯಾ ಹಿಡಿದ, ಬೆನ್ ಯಿಜುವಿನ ಬಂಧುಗಳು ದಿಕ್ಕಾಪಾಲಾದರು. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಮಗ ತೀರಿಕೊಂಡ. 1156ರಲ್ಲಿ ಮಗಳನ್ನು ತನ್ನ ಅಣ್ಣತಮ್ಮಂದಿರಲ್ಲೊಬ್ಬನ ಮಗನಿಗೆ ಕೊಟ್ಟು ಮದುವೆಯಾಯಿತು.

ಸೇಡಂನಲ್ಲಿ ಚಾಲುಕ್ಯರ ಕಾಲದ ಶಾಸನಗಳಿವೆ. ನಮ್ಮ ಶಾಸನಗಳಲ್ಲಿ ರಾಜರು, ದಾನ ಕೊಟ್ಟವರು, ದಾನ ಪಡೆದವರು ಸಿಗ್ತಾರೆ. ಸಂಬಳಕ್ಕೆ ಸರಕು ಹೊತ್ತುಕೊಂಡು ಕಡಲು ದಾಟಿದವನನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ? ಕಲ್ಲಿಗಿಂತ ಕಾಗದ ಬೇಗ ಹಾಳಾಗುತ್ತದೆ ಅಂತೀವಿ. ಆದರೂ ಬೊಮ್ಮನನ್ನು ಎಂಟು ನೂರು ವರ್ಷ ಕಾಯ್ದಿಟ್ಟದ್ದು ಪರದೇಶದವರು ಎಸೆಯಲು ಮನಸ್ಸು ಬಾರದ ರದ್ದಿ ಕಾಗದ.