ಲೀಡ್ ಕ್ಲೈಂಬಿಂಗ್

ಲೀಡ್ ಕ್ಲೈಂಬಿಂಗ್ ಶಿಲಾರೋಹಣದ ಒಂದು ವಿಧಾನ. ಇದರಲ್ಲಿ ಆರೋಹಿಯು ಸೊಂಟಕ್ಕೆ ಕಟ್ಟಿಕೊಂಡ ಹಗ್ಗವನ್ನು ನೆಲದಿಂದಲೇ ತಮ್ಮೊಡನೆ ಒಯ್ಯುತ್ತ, ಅದನ್ನು ದಾರಿಯುದ್ದಕ್ಕೂ ಆಧಾರಗಳಿಗೆ ಸಿಕ್ಕಿಸಿಕೊಂಡು ಮೇಲೇರುತ್ತಾರೆ. ಆಧಾರಗಳು ಬಂಡೆಯಲ್ಲಿ ಮೊದಲೇ ಕೂಡಿಸಿದ ಬೋಲ್ಟುಗಳಾಗಿದ್ದರೆ ಅದನ್ನು ಸ್ಪೋರ್ಟ್ ಕ್ಲೈಂಬಿಂಗ್ ಎನ್ನುವರು. ಹಗ್ಗವು ಮೇಲಿನಿಂದ ಇಳಿದುಬರುವ ಟಾಪ್ ರೋಪ್ ವಿಧಾನದಲ್ಲಿ ಕೈಜಾರಿದವರು ಬಹುಮಟ್ಟಿಗೆ ಇದ್ದಲ್ಲೇ ತೂಗುತ್ತಾರೆ. ಲೀಡ್ ವಿಧಾನದಲ್ಲಿ ಅವರು ಕೊನೆಯ ಬೋಲ್ಟಿಗಿಂತ ಕೆಳಕ್ಕೆ ಬೀಳುತ್ತಾರೆ. ಹಗ್ಗದ ನೆರವಿಲ್ಲದೆ ಚಿತ್ರದುರ್ಗದ ಕೋಟೆಗೋಡೆಗಳನ್ನು ಏರಿ ಹೆಸರಾದ ಜ್ಯೋತಿರಾಜ್ ಅವರ ಆರೋಹಣವು ಇವೆರಡಕ್ಕಿಂತಲೂ ಭಿನ್ನವಾದುದು.

ಇತಿಹಾಸ

ಸ್ಪೋರ್ಟ್ ಕ್ಲೈಂಬಿಂಗ್ 1980ರ ದಶಕದಲ್ಲಿ ಫ್ರಾನ್ಸಿನ ಸುಣ್ಣಕಲ್ಲಿನ ಪ್ರಪಾತಗಳಲ್ಲಿಯೂ ಅಮೆರಿಕದ ಸ್ಮಿತ್ ರಾಕ್‌ನಲ್ಲಿಯೂ ಬೆಳೆಯಿತು. 1985ರಲ್ಲಿ ಇಟಲಿಯ ಬಾರ್ಡೊನೆಕಿಯಾ ಬಳಿ ಇದರ ಆರಂಭದ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. 2021ರಲ್ಲಿ ಜರುಗಿದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರ್ಪಡೆಯಾಯಿತು.

ಸಲಕರಣೆಗಳು

ಸೊಂಟ ಮತ್ತು ತೊಡೆಗಳನ್ನು ಬಳಸುವ ಹಾರ್ನೆಸ್, ಶಿರಸ್ತ್ರಾಣ, ರಬ್ಬರ್ ಅಟ್ಟೆಯ ಬಿಗಿ ಪಾದರಕ್ಷೆ, ಕೈಬೆವರು ಹೀರುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಹಾಗೂ ಕ್ವಿಕ್‌ಡ್ರಾಗಳು ಬೇಕಾಗುತ್ತವೆ. ಎರಡು ಕ್ಯಾರಾಬೀನರ್ ಕೊಂಡಿಗಳನ್ನು ಗಟ್ಟಿ ಪಟ್ಟಿಯಿಂದ ಜೋಡಿಸಿದ ಸಾಧನವೇ ಕ್ವಿಕ್‌ಡ್ರಾ. ಹಗ್ಗವು ಹಿಗ್ಗುವ ಗುಣವುಳ್ಳದ್ದಾಗಿರಬೇಕು. ಬಿದ್ದವರ ವೇಗವನ್ನು ಅದು ಹಿಗ್ಗಿಯೇ ತಗ್ಗಿಸುತ್ತದೆ. ಹಿಗ್ಗದ ಹಗ್ಗದಲ್ಲಿ ಬಿದ್ದರೆ ದೇಹಕ್ಕೂ ಬೋಲ್ಟಿಗೂ ತೀವ್ರವಾದ ಆಘಾತವಾಗುತ್ತದೆ.

ಏರುವ ಕ್ರಮ

ಆರೋಹಿಯು ಎಂಟರ ಆಕಾರದ ಗಂಟಿನಿಂದ ಹಗ್ಗವನ್ನು ಹಾರ್ನೆಸ್‌ಗೆ ಕಟ್ಟಿಕೊಳ್ಳುತ್ತಾರೆ. ಕೆಳಗೆ ನಿಂತ ಜೊತೆಗಾರರಾದ ಬಿಲೇಯರ್ ಹಗ್ಗವನ್ನು ತಡೆಸಾಧನದ ಮೂಲಕ ಬೇಕಾದಷ್ಟೇ ಸಡಿಲಿಸುತ್ತ, ಬಿದ್ದಾಗ ತಡೆಹಿಡಿಯುತ್ತಾರೆ. ಹೊರಡುವ ಮೊದಲು ಇಬ್ಬರೂ ಒಬ್ಬರ ಗಂಟು, ಹಾರ್ನೆಸ್ ಮತ್ತು ತಡೆಸಾಧನಗಳನ್ನು ಇನ್ನೊಬ್ಬರು ಪರೀಕ್ಷಿಸುವುದು ರೂಢಿ. ಪ್ರತಿ ಬೋಲ್ಟಿನ ಬಳಿ ಸ್ಥಿರವಾದ ನಿಲುವನ್ನು ಹುಡುಕಿ, ಕ್ವಿಕ್‌ಡ್ರಾದ ಒಂದು ಕೊಂಡಿಯನ್ನು ಬೋಲ್ಟಿಗೂ ಇನ್ನೊಂದನ್ನು ಹಗ್ಗಕ್ಕೂ ಸಿಕ್ಕಿಸಲಾಗುತ್ತದೆ. ಹಗ್ಗವು ಬಂಡೆಯ ಕಡೆಯಿಂದ ಕೊಂಡಿಯೊಳಗೆ ಬಂದು ಆರೋಹಿಯ ಕಡೆಗೆ ಹೊರಬರಬೇಕು. ತಿರುವುಮುರುವಾದರೆ ಬೀಳುವಾಗ ಕೊಂಡಿಯ ಬಾಯಿ ತೆರೆದು ಹಗ್ಗ ಕಳಚಿಕೊಳ್ಳಬಹುದು.

ಬೀಳುವಿಕೆ ಮತ್ತು ಅಪಾಯ

ಕೊನೆಯ ಬೋಲ್ಟಿನಿಂದ ಆರೋಹಿಯ ಸೊಂಟ ಎಷ್ಟು ಮೇಲಿರುತ್ತದೆಯೋ ಅದರ ಎರಡರಷ್ಟು ದೂರ ಅವರು ಬೀಳುತ್ತಾರೆ. ಹಗ್ಗದ ಸಡಿಲ ಮತ್ತು ಹಿಗ್ಗುವಿಕೆ ಇದಕ್ಕೆ ಸೇರುತ್ತವೆ. ಮೊದಲ ಬೋಲ್ಟ್ 3 ಮೀಟರ್ ಎತ್ತರದಲ್ಲಿದ್ದು ಸೊಂಟ 5 ಮೀಟರ್ ಎತ್ತರದಲ್ಲಿರುವಾಗ ಕೈಜಾರಿದರೆ ಬೀಳುವ ದೂರ ಕನಿಷ್ಠ 4 ಮೀಟರ್. ಅಷ್ಟರಲ್ಲಿ ಕಾಲು ನೆಲಕ್ಕೆ ತಾಗುತ್ತದೆ. ಆದುದರಿಂದ ಎತ್ತರದಲ್ಲಿ ಬೀಳುವುದಕ್ಕಿಂತ ಆರಂಭದ ಕೆಲವು ಮೀಟರುಗಳಲ್ಲಿ ಬೀಳುವುದು ಹೆಚ್ಚು ಅಪಾಯಕಾರಿಯಾಗಬಹುದು. ಸುಲಭ ದರ್ಜೆಯ ದಾರಿಗಳಲ್ಲಿ ಬಂಡೆ ಇಳಿಜಾರಾಗಿದ್ದು ಚಾಚುಗಳಿರುವುದರಿಂದ, ಅವುಗಳಿಗೆ ಬಡಿದು ಗಾಯಗಳಾಗುವ ಸಂಭವವೂ ಉಂಟು. ಹಗ್ಗವು ಕಾಲಿನ ಹಿಂದೆ ಸಿಲುಕಿದ್ದರೆ ಬೀಳುವಾಗ ದೇಹ ತಲೆಕೆಳಗಾಗುತ್ತದೆ.

ಇಳಿಯುವಾಗಲೂ ಎಚ್ಚರ ಅಗತ್ಯ. 30 ಮೀಟರ್ ಎತ್ತರದ ದಾರಿಯಿಂದ ಇಳಿಸಲು 60 ಮೀಟರಿಗಿಂತ ಹೆಚ್ಚು ಉದ್ದದ ಹಗ್ಗ ಬೇಕು. ಹಗ್ಗ ಸಾಲದೆ ಅದರ ತುದಿ ತಡೆಸಾಧನದಿಂದ ಜಾರಿಹೋಗದಂತೆ ತುದಿಯಲ್ಲಿ ಗಂಟು ಹಾಕುವರು. ಮೇಲೆ ತಲುಪಿದವರು ಬಿಲೇಯರ್ ಇಳಿಸುತ್ತಾರೆಂದು ನಂಬಿ ಹಗ್ಗಕ್ಕೆ ಭಾರ ಬಿಟ್ಟಾಗ, ಅವರು ತಾವೇ ಇಳಿದುಬರುತ್ತಾರೆಂದು ತಿಳಿದು ಬಿಲೇಯರ್ ಹಗ್ಗವನ್ನು ಬಿಟ್ಟಿದ್ದರೆ ನೇರವಾಗಿ ನೆಲಕ್ಕೆ ಬೀಳಬೇಕಾಗುತ್ತದೆ. ಬೋಲ್ಟುಗಳೆಲ್ಲ ಗಟ್ಟಿಯಾಗಿದ್ದರೂ ಇಬ್ಬರ ನಡುವಿನ ಮಾತು ಸ್ಪಷ್ಟವಾಗಿರದಿದ್ದರೆ ರಕ್ಷಣೆ ಇಲ್ಲ. ಆದ್ದರಿಂದ ಇಳಿಯುವ ಕ್ರಮವನ್ನು ನೆಲದಲ್ಲಿರುವಾಗಲೇ ನಿರ್ಧರಿಸಿಕೊಳ್ಳಬೇಕು.

ಕರ್ನಾಟಕದಲ್ಲಿ

ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಸ್ಪೋರ್ಟ್ ಕ್ಲೈಂಬಿಂಗ್‌ಗೆ ದೇಶದಲ್ಲಿಯೇ ಪ್ರಸಿದ್ಧವಾಗಿವೆ. ಅಡ್ಡಪದರಗಳಿರುವ ಈ ಕಲ್ಲು ಒಳ್ಳೆಯ ಹಿಡಿತಗಳನ್ನು ಒದಗಿಸುತ್ತದೆ. ಬೆಂಗಳೂರಿನ ಸುತ್ತಮುತ್ತ, ರಾಮನಗರ ಮೊದಲಾದೆಡೆ, ಗ್ರಾನೈಟ್ ಬಂಡೆಗಳಲ್ಲಿ ಆರೋಹಣ ನಡೆಯುತ್ತದೆ. ಅಲ್ಲಿ ಕೈಹಿಡಿತಕ್ಕಿಂತ ಪಾದದ ಘರ್ಷಣೆ ಮತ್ತು ಸಮತೋಲನ ಮುಖ್ಯವಾಗುತ್ತವೆ. ಬಿಸಿಲಿನ ಕಾರಣ ನವೆಂಬರಿನಿಂದ ಫೆಬ್ರವರಿವರೆಗಿನ ಅವಧಿ ಹೆಚ್ಚು ಅನುಕೂಲ. ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುವುದರಿಂದ ಮಳೆಯಾದ ಕೂಡಲೇ ಏರುವುದು ಸರಿಯಲ್ಲ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದರಿಂದ ಹೊರಡುವ ಮುನ್ನ ದಾರಿಯನ್ನು ಕೆಳಗಿನಿಂದಲೇ ಪರಿಶೀಲಿಸಬೇಕು. ಬಾದಾಮಿಯು ಚಾಲುಕ್ಯರ ರಾಜಧಾನಿಯಾಗಿದ್ದು, ಅಲ್ಲಿನ ಗುಹಾಲಯಗಳು ಅದೇ ಮರಳುಗಲ್ಲಿನಲ್ಲಿ ಕೊರೆದವುಗಳಾಗಿವೆ. ಅವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಸ್ಮಾರಕಗಳ ಬಂಡೆಗಳನ್ನು ಏರುವುದಾಗಲಿ ಅವುಗಳಲ್ಲಿ ಬೋಲ್ಟ್ ಕೂಡಿಸುವುದಾಗಲಿ ಸಲ್ಲದು. ಒಮ್ಮೆ ಕೊರೆದ ರಂಧ್ರವು ಬಂಡೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.