ಯಾರು ನೋಡಬಹುದು, ಯಾರು ತಿದ್ದಬಹುದು: ಹಂಚಿಕೊಂಡ ಕ್ಯಾಲೆಂಡರಿನ ಹಿಂದಿನ ಕಥೆ

ಒಬ್ಬರ ದಿನಚರಿಯನ್ನು ಕಂಪ್ಯೂಟರಿನ ಮೂಲಕ ಹಲವರು ನೋಡುವ ಏರ್ಪಾಟಿಗೆ ಈಗ ನಾಲ್ಕು ದಶಕ ದಾಟಿದೆ. ಅದಕ್ಕೂ ಮುಂಚೆ ಕಚೇರಿಗಳಲ್ಲಿ ಈ ಕೆಲಸ ನಡೆಯುತ್ತಿದ್ದುದು ಆಪ್ತ ಸಹಾಯಕರ ಮೇಜಿನ ಮೇಲಿನ ಡೈರಿಯಲ್ಲಿ. ಸಾಹೇಬರನ್ನು ಕಾಣಬೇಕೆಂದು ಬಂದವರು ಪಿ.ಎ. ಮುಂದೆ ನಿಲ್ಲುತ್ತಿದ್ದರು. ಪಿ.ಎ. ಪುಟ ತಿರುವಿ, "ಇವತ್ತಾಗಲ್ಲ, ನಾಳೆ ಮೂರು ಗಂಟೆಗೆ ಬನ್ನಿ" ಎನ್ನುತ್ತಿದ್ದರು. ಇವತ್ತು ಯಾಕಾಗಲ್ಲ ಎಂಬುದು ಡೈರಿಯಲ್ಲಿತ್ತು, ಆದರೆ ಡೈರಿ ಬಂದವರ ಕಡೆಗೆ ತಿರುಗುತ್ತಿರಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪದ್ಧತಿಯೂ ಇತ್ತು, ಈಗಲೂ ಇದೆ: ಮಂತ್ರಿಗಳ, ಹಿರಿಯ ಅಧಿಕಾರಿಗಳ 'ಪ್ರವಾಸ ಕಾರ್ಯಕ್ರಮ'. ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ಸಭೆ, ಎಲ್ಲಿ ವಾಸ್ತವ್ಯ ಎಂದು ಟೈಪಾದ ಹಾಳೆ ಹತ್ತಾರು ಕಚೇರಿಗಳಿಗೆ ಹೋಗುತ್ತದೆ. ಎಲ್ಲರೂ ಓದಬಹುದು, ಹೊರಡಿಸಿದವರ ಹೊರತು ಯಾರೂ ತಿದ್ದುವಂತಿಲ್ಲ. ಕಂಪ್ಯೂಟರ್ ಕ್ಯಾಲೆಂಡರಿಗೆ ಈ ಎರಡೂ ರೀತಿ ಕಲಿಸುವುದಕ್ಕೆ ಬಹಳ ಕಾಲ ಹಿಡಿಯಿತು. ತಾರೀಖಿನ ಲೆಕ್ಕ ಯಂತ್ರಕ್ಕೆ ಮೊದಲಿಂದಲೂ ಸಲೀಸು. ಯಾರಿಗೆ ಎಷ್ಟು ತೋರಿಸಬೇಕೆಂಬ ಪಿ.ಎ.ಯ ಜಾಣತನ ಮಾತ್ರ ಅಷ್ಟು ಸುಲಭಕ್ಕೆ ಒಲಿಯಲಿಲ್ಲ.

ಬೆಲ್ ಲ್ಯಾಬ್ಸ್‌ನಿಂದ 1979ರಲ್ಲಿ ಬಂದ ಯುನಿಕ್ಸ್ 7ನೇ ಆವೃತ್ತಿಯಲ್ಲಿ 'ಕ್ಯಾಲೆಂಡರ್' ಎಂಬ ಪುಟ್ಟ ಕಮಾಂಡ್ ಇತ್ತು. ಬಳಕೆದಾರ ತನ್ನ ಜಾಗದಲ್ಲಿ ಅದೇ ಹೆಸರಿನ ಒಂದು ಫೈಲ್ ಇಟ್ಟು, ಸಾಲಿಗೊಂದರಂತೆ ತಾರೀಖು ಮತ್ತು ಕೆಲಸ ಬರೆದುಕೊಳ್ಳಬೇಕು. ಇವತ್ತಿನ ಮತ್ತು ನಾಳೆಯ ತಾರೀಖಿರುವ ಸಾಲುಗಳನ್ನು ಪ್ರೋಗ್ರಾಂ ಹೆಕ್ಕಿ ಕೊಡುತ್ತಿತ್ತು. ವಾರದ ಕೊನೆಯಲ್ಲಿ 'ನಾಳೆ' ಎಂದರೆ ಸೋಮವಾರದವರೆಗೆ ಎಂದು ಅದಕ್ಕೆ ತಿಳಿದಿತ್ತು. ಎಲ್ಲ ಬಳಕೆದಾರರ ಫೈಲುಗಳನ್ನೂ ಒಟ್ಟಿಗೆ ಜಾಲಾಡಿ, ಅವರವರ ನೆನಪೋಲೆಯನ್ನು ಅವರವರಿಗೆ ಮೇಲ್ ಮಾಡುವ ಸೌಕರ್ಯವೂ ಇತ್ತು. ಆದರೆ ಅದಕ್ಕೊಂದು ಷರತ್ತು: ಫೈಲನ್ನು ಎಲ್ಲರೂ ಓದುವಂತೆ ತೆರೆದಿಟ್ಟಿರಬೇಕು. ದಂತವೈದ್ಯರ ಭೇಟಿಯನ್ನು ನೆನಪಿಸಬೇಕೆಂದರೆ ಆ ಭೇಟಿ ಇಡೀ ಲ್ಯಾಬಿಗೆ ಕಂಡರೂ ಪರವಾಗಿಲ್ಲ ಎಂದು ಒಪ್ಪಿದಂತೆಯೇ. ಕೈಪಿಡಿ ಬರೆದವರು ಪ್ರಾಮಾಣಿಕರು. ಈ ಸಂಗತಿಯನ್ನು ದೋಷಗಳ ಪಟ್ಟಿಯಲ್ಲೇ ನಮೂದಿಸಿದ್ದರು. ಯುನಿಕ್ಸ್‌ನಲ್ಲಿ ಫೈಲಿಗೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಒಡೆಯ, ಗುಂಪು, ಉಳಿದವರು ಎಂದು ಮೂರು ಪಾಲು ಮಾಡಬಹುದಿತ್ತು. ಆದರೆ ಹಕ್ಕು ಇಡೀ ಫೈಲಿಗೆ ಅನ್ವಯ. 'ಹತ್ತಕ್ಕೆ ಇವರಿಗೆ ಬಿಡುವಿಲ್ಲ, ಏಕೆಂಬುದು ಬೇಡ' ಎಂಬ ನಡುವಿನ ಮಾತನ್ನು ಹೇಳುವ ದಾರಿ ಅಲ್ಲಿರಲಿಲ್ಲ.

ದೊಡ್ಡ ಕಚೇರಿಗಳಿಗೆ ಕ್ಯಾಲೆಂಡರ್ ಬಂದದ್ದು ಹಲವರು ಒಟ್ಟಿಗೆ ಬಳಸುವ ದೊಡ್ಡ ಕಂಪ್ಯೂಟರುಗಳ ಮೂಲಕ. ಐಬಿಎಂ 1981ರಲ್ಲಿ ಮಾರುಕಟ್ಟೆಗೆ ತಂದ 'ಪ್ರಾಫ್ಸ್', ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 'ಆಲ್-ಇನ್-ಒನ್' ಮುಂತಾದ ವ್ಯವಸ್ಥೆಗಳಲ್ಲಿ ಮೇಲ್ ಜೊತೆಗೆ ದಿನಚರಿಯೂ ಇತ್ತು. ಪರದೆ ಹಸಿರು ಅಕ್ಷರದ್ದು, ಕೀಲಿ ಒತ್ತುವವರು ಹೆಚ್ಚಾಗಿ ಕಾರ್ಯದರ್ಶಿಗಳು. ಡೈರಿ ಮೇಜಿನಿಂದ ಟರ್ಮಿನಲ್ಲಿಗೆ ಹೋಯಿತಷ್ಟೆ, ಪುಟ ತಿರುವುವ ಕೈ ಬದಲಾಗಲಿಲ್ಲ.

ಹಕ್ಕುಗಳ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಅಮೆರಿಕದ ಎಂಐಟಿಯ ಐರೀನ್ ಗ್ರೀಫ್. ಆ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಮಹಿಳೆ ಅವರು. ಎಂಬತ್ತರ ದಶಕದಲ್ಲಿ ಅವರೂ ಸುನಿಲ್ ಸರಿನ್ ಅವರೂ ಹಲವರು ಸೇರಿ ಬಳಸುವ ಕ್ಯಾಲೆಂಡರುಗಳ ಮಾದರಿಗಳ ಮೇಲೆ ಕೆಲಸ ಮಾಡಿದರು. 1987ರಲ್ಲಿ ಗುಂಪಿನ ಕೆಲಸದಲ್ಲಿ ಮಾಹಿತಿ ಹಂಚಿಕೆಯ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದರು. ಓದುವುದು, ಬರೆಯುವುದು ಎಂಬ ಎರಡೇ ಹಕ್ಕು ಕಚೇರಿಯ ನಡವಳಿಕೆಗೆ ಸಾಲದು, ಒಬ್ಬೊಬ್ಬರ ಪಾತ್ರ ನೋಡಿ ಹಕ್ಕು ಕೊಡಬೇಕು ಎಂಬುದು ಅವರ ವಿಚಾರದ ತಿರುಳು. ಇದಕ್ಕೂ ಮೊದಲು, 1984ರಲ್ಲಿ, ಗ್ರೀಫ್ ಮತ್ತು ಪಾಲ್ ಕ್ಯಾಶ್‌ಮನ್ ಕರೆದ ಕಾರ್ಯಾಗಾರದಲ್ಲೇ ಕಂಪ್ಯೂಟರ್ ನೆರವಿನ ಸಹಕಾರಿ ಕೆಲಸ ಎಂಬ ಅಧ್ಯಯನ ಕ್ಷೇತ್ರಕ್ಕೆ ಹೆಸರು ಬಿದ್ದಿತ್ತು.

ಆ ಕ್ಷೇತ್ರದ 1988ರ ಸಮ್ಮೇಳನದಲ್ಲಿ ಜೊನಾಥನ್ ಗ್ರೂಡಿನ್ ಮಂಡಿಸಿದ ಪ್ರಬಂಧ, ಗುಂಪಿಗಾಗಿ ಮಾಡಿದ ತಂತ್ರಾಂಶಗಳು ಏಕೆ ಸೋಲುತ್ತವೆ ಎಂದು ಕೇಳಿತು. ಅವರು ಎತ್ತಿಕೊಂಡ ಮುಖ್ಯ ಉದಾಹರಣೆಯೇ ಮೀಟಿಂಗಿಗೆ ತಾನಾಗಿ ಹೊತ್ತು ಹುಡುಕುವ ಕ್ಯಾಲೆಂಡರ್. ಎಲ್ಲರೂ ತಮ್ಮ ದಿನಚರಿಯನ್ನು ತಪ್ಪದೆ ತುಂಬಿಸಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮೀಟಿಂಗ್ ಕರೆಯುವವರು ಮ್ಯಾನೇಜರುಗಳು, ಅವರ ಕ್ಯಾಲೆಂಡರನ್ನು ತುಂಬಲು ಕಾರ್ಯದರ್ಶಿ ಇದ್ದಾರೆ. ಉಳಿದವರು ತಮ್ಮ ಕೈಯಾರೆ ತುಂಬಬೇಕು, ಲಾಭ ಮಾತ್ರ ಮೇಲಿನವರಿಗೆ. ದುಡಿಮೆ ಒಬ್ಬರದು, ಫಲ ಇನ್ನೊಬ್ಬರದು ಎಂದಾದಾಗ ಕೆಳಗಿನವರು ಕ್ಯಾಲೆಂಡರನ್ನು ಖಾಲಿ ಬಿಟ್ಟರು. ಖಾಲಿ ಕ್ಯಾಲೆಂಡರ್ ನೋಡಿದ ಯಂತ್ರವೋ, ಇವರಿಗೆ ದಿನವಿಡೀ ಬಿಡುವು ಎಂದೇ ತಿಳಿಯುತ್ತಿತ್ತು.

ತೊಂಬತ್ತರ ದಶಕದಲ್ಲಿ ಪರಿಸ್ಥಿತಿ ತಿರುಗಿತು. ಪ್ರತಿ ಮೇಜಿಗೂ ಕಂಪ್ಯೂಟರ್ ಬಂದು ಅವುಗಳ ನಡುವೆ ನೆಟ್‌ವರ್ಕ್ ಓಡಿತು. 1992ರಲ್ಲಿ ಮೈಕ್ರೋಸಾಫ್ಟಿನ 'ಶೆಡ್ಯೂಲ್ ಪ್ಲಸ್' ಬಂತು. ಸನ್ ಮೈಕ್ರೋಸಿಸ್ಟಮ್ಸ್‌ನ ನೌಕರರು 'ಕ್ಯಾಲೆಂಡರ್ ಮ್ಯಾನೇಜರ್' ಬಳಸುತ್ತಿದ್ದರು. ಗ್ರೂಡಿನ್ ಮತ್ತು ಲೇಸಿಯಾ ಪೇಲೆನ್ ಈ ಎರಡೂ ಕಂಪನಿಗಳಿಗೆ ಹೋಗಿ ನೋಡಿ 1995ರಲ್ಲಿ ವರದಿ ಮಾಡಿದರು. ಅಲ್ಲಿ ಕ್ಯಾಲೆಂಡರ್ ಬಳಕೆ ಹಬ್ಬಿದ್ದು ಮೇಲಿನ ಹುಕುಂನಿಂದಲ್ಲ, ಜೊತೆಯವರನ್ನು ನೋಡಿ, ಜೊತೆಯವರ ಒತ್ತಾಯಕ್ಕೆ. ಆದರೆ ಇಡೀ ಅಧ್ಯಯನದಲ್ಲಿ ಹೆಚ್ಚು ಕುತೂಹಲದ್ದು, ಪೇಲೆನ್ 1999ರಲ್ಲಿ ವಿಸ್ತರಿಸಿ ಬರೆದದ್ದು, ಎರಡು ಕಂಪನಿಗಳ ಡಿಫಾಲ್ಟ್ ವ್ಯತ್ಯಾಸ. ಸನ್‌ನಲ್ಲಿ ಹೊಸ ಕ್ಯಾಲೆಂಡರ್ ಹುಟ್ಟುವಾಗಲೇ ಎಲ್ಲರೂ ಓದುವಂತೆ ತೆರೆದಿರುತ್ತಿತ್ತು. ಮೈಕ್ರೋಸಾಫ್ಟಿನಲ್ಲಿ ಬಿಡುವು ಇದೆಯೋ ಇಲ್ಲವೋ ಎಂಬುದಷ್ಟೇ ಕಾಣುತ್ತಿತ್ತು. ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಎರಡೂ ಕಡೆ ಇತ್ತು, ಬದಲಾಯಿಸಿಕೊಂಡವರು ಕಡಿಮೆ.

ಇದರಿಂದ ಎರಡು ಬೇರೆ ಬೇರೆ ರೂಢಿಗಳು ಬೆಳೆದವು. ಸನ್‌ನಲ್ಲಿ ಯಾರು ಎಲ್ಲಿದ್ದಾರೆ, ಯಾವ ಕೊಠಡಿಯಲ್ಲಿ ಸಿಗುತ್ತಾರೆ, ಯಾವ ಕೆಲಸ ಎಲ್ಲಿಗೆ ಬಂತು ಎಂದು ತಿಳಿಯಲು ಜನ ಒಬ್ಬರ ಕ್ಯಾಲೆಂಡರನ್ನೊಬ್ಬರು ನೋಡುವುದು ಮಾಮೂಲಾಯಿತು. ಹೇಳಬಾರದ್ದನ್ನು ಬರೆಯುವಾಗ ತಮಗಷ್ಟೇ ಅರ್ಥವಾಗುವ ಸಂಕೇತಾಕ್ಷರ ಹಾಕುತ್ತಿದ್ದರು. ಮೀಟಿಂಗುಗಳು ದಿನವನ್ನೆಲ್ಲ ನುಂಗದಿರಲೆಂದು ಸುಳ್ಳು ಕೆಲಸ ತುಂಬಿ ಹೊತ್ತನ್ನು ಕಾಯ್ದಿಟ್ಟುಕೊಳ್ಳುವ ಉಪಾಯವೂ ಬಂತು. ತಂತ್ರಾಂಶ ಕೊಡದ ಗುಟ್ಟನ್ನು ಜನ ಭಾಷೆಯಿಂದಲೇ ಗಿಟ್ಟಿಸಿಕೊಂಡರು ಎನ್ನಬಹುದು. ಮುಂದೆ ಹೆಚ್ಚಿನ ಕಂಪನಿಗಳು ಹಿಡಿದದ್ದು ಮಾತ್ರ ಮೈಕ್ರೋಸಾಫ್ಟಿನ ದಾರಿ. ಕಾರಣ ಮುಚ್ಚಿಟ್ಟು ಬಿಡುವನ್ನಷ್ಟೇ ತೋರುವ 'ಫ್ರೀ-ಬ್ಯುಸಿ' ನೋಟ, ಹಳೆಯ ಪಿ.ಎ. ಹೇಳುತ್ತಿದ್ದ "ಇವತ್ತಾಗಲ್ಲ" ಎಂಬ ಉತ್ತರವೇ. ಹಂಚಿಕೊಂಡ ಕ್ಯಾಲೆಂಡರ್ ಹೊಸದಾಗಿ ಕಲಿತದ್ದು ಯಾವುದು ಎಂದರೆ ಬೆರಳು ಮಾಡಿ ತೋರಿಸಬೇಕಾದದ್ದು ಇದನ್ನೇ.

ಮೈಕ್ರೋಸಾಫ್ಟಿನದೇ ಆದ ಎಕ್ಸ್‌ಚೇಂಜ್ ಸರ್ವರ್ 1996ರಲ್ಲಿ, ಔಟ್‌ಲುಕ್ 1997ರಲ್ಲಿ ಬಂದ ಮೇಲೆ ಹಕ್ಕುಗಳಿಗೆ ಮೆಟ್ಟಿಲುಗಳೇ ಹುಟ್ಟಿದವು: ಓನರ್, ಎಡಿಟರ್, ಆಥರ್, ರಿವ್ಯೂವರ್, ಕಾಂಟ್ರಿಬ್ಯೂಟರ್. ಹೆಸರುಗಳು ಪತ್ರಿಕಾ ಕಚೇರಿಯಿಂದ ತಂದಂತಿವೆ. ಅರ್ಥ ಮಾತ್ರ ಬೇರೆ: ರಿವ್ಯೂವರ್ ಏನನ್ನೂ ವಿಮರ್ಶಿಸುವುದಿಲ್ಲ, ಬರಿದೆ ಓದುತ್ತಾನೆ. ಆಥರ್ ತಾನು ಬರೆದುದನ್ನಷ್ಟೇ ತಿದ್ದಬಲ್ಲ, ಎಡಿಟರ್ ಎಲ್ಲರದನ್ನೂ ತಿದ್ದಬಲ್ಲ. ಇವುಗಳ ಜೊತೆಗೆ 'ಡೆಲಿಗೇಟ್' ಎಂಬ ಸ್ಥಾನವೂ ಇತ್ತು. ಡೆಲಿಗೇಟ್ ಆದವರು ಸಾಹೇಬರ ಪರವಾಗಿ ಮೀಟಿಂಗಿಗೆ ಒಪ್ಪಿಗೆ ಕೊಡಬಹುದು, ನಿರಾಕರಿಸಬಹುದು. ಪಿ.ಎ. ತಂತ್ರಾಂಶದೊಳಗೆ ಅಧಿಕೃತವಾಗಿ ಕುರ್ಚಿ ಹಾಕಿಸಿಕೊಂಡದ್ದು ಹೀಗೆ.

ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತ್ತು. ಒಂದು ಕಂಪನಿಯ ಕ್ಯಾಲೆಂಡರ್ ಇನ್ನೊಂದರ ಮಾತು ಕೇಳುತ್ತಿರಲಿಲ್ಲ. ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ಮಾಡಿಕೊಂಡ 'ವರ್ಸಿಟ್' ಕೂಟ 'ವಿಕ್ಯಾಲೆಂಡರ್' ಎಂಬ ಸಮಾನ ನಮೂನೆಯನ್ನು ರೂಪಿಸಿತು. ಅದನ್ನೇ ಆಧಾರವಾಗಿಟ್ಟುಕೊಂಡು 1998ರ ನವೆಂಬರಿನಲ್ಲಿ 'ಐಕ್ಯಾಲೆಂಡರ್' ಮಾನಕ ಪ್ರಕಟವಾಯಿತು. ಅದರಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಪಬ್ಲಿಕ್, ಪ್ರೈವೇಟ್, ಕಾನ್ಫಿಡೆನ್ಷಿಯಲ್ ಎಂಬ ಗುರುತು ಹಾಕಲು ಜಾಗವಿದೆ. ಆದರೆ ಈ ಗುರುತು ಒಡೆಯನ ಇಚ್ಛೆಯನ್ನು ತಿಳಿಸುತ್ತದೆ, ಬೀಗ ಹಾಕುವುದಿಲ್ಲ. ಬೀಗದ ಹೊಣೆ ಆಯಾ ತಂತ್ರಾಂಶದ್ದು. ಫ್ರೀ-ಬ್ಯುಸಿಗೂ ಅಲ್ಲೊಂದು ಪ್ರತ್ಯೇಕ ಭಾಗವಿದೆ. ಬೆಂಗಳೂರಿನಲ್ಲಿ ಬೆಳಗಿನ 10ಕ್ಕಿರುವ ಒಂದು ಗಂಟೆಯ ಮೀಟಿಂಗು ಅದರಲ್ಲಿ ಹೇಗೆ ಕಾಣುತ್ತದೆ ಎಂದರೆ, ತಾರೀಖಿನ ಎಂಟು ಅಂಕಿ, ಆಮೇಲೆ 043000, ಆಮೇಲೆ ಒಂದು ಗಂಟೆ ಎಂಬ ಸಂಕೇತ. ಹತ್ತು ಗಂಟೆ ನಾಲ್ಕೂವರೆಯಾದದ್ದು ಗ್ರೀನಿಚ್ ಲೆಕ್ಕದಿಂದ. ಭೇಟಿ ಯಾರದು, ಎಲ್ಲಿ, ಯಾವುದಕ್ಕೆ ಎಂಬುದಕ್ಕೆ ಆ ಸಾಲಿನಲ್ಲಿ ಜಾಗವೇ ಇಲ್ಲ.

ಕಚೇರಿಯ ಗೋಡೆ ದಾಟಿ ಕ್ಯಾಲೆಂಡರ್ ಜನಸಾಮಾನ್ಯರ ಕೈಗೆ ಬಂದದ್ದು ಹೊಸ ಶತಮಾನದಲ್ಲಿ. 2002ರಲ್ಲಿ ಆಪಲ್‌ನ 'ಐಕ್ಯಾಲ್' ಬಂದಾಗ ಒಬ್ಬರು ಪ್ರಕಟಿಸಿದ ಕ್ಯಾಲೆಂಡರಿಗೆ ಇನ್ನೊಬ್ಬರು ಪತ್ರಿಕೆಗೆ ಚಂದಾದಾರರಾದಂತೆ ಚಂದಾದಾರರಾಗಬಹುದಿತ್ತು. ರಜಾದಿನಗಳ ಪಟ್ಟಿ, ಪಂದ್ಯಗಳ ವೇಳಾಪಟ್ಟಿ ಹೀಗೆ ಓಡಾಡಿದವು. ಪ್ರವಾಸ ಕಾರ್ಯಕ್ರಮದ ಹಾಳೆಯಂತೆಯೇ ಇದೂ ಓದುವುದಕ್ಕಷ್ಟೇ. ಹಲವು ಕಡೆಯಿಂದ ಒಂದೇ ಕ್ಯಾಲೆಂಡರನ್ನು ತಿದ್ದುವುದಕ್ಕೆ ಎಲ್ಲರೂ ಒಪ್ಪುವ ವಿಧಾನ ಸಿಕ್ಕಿದ್ದು 2007ರ ಮಾರ್ಚಿನಲ್ಲಿ, 'ಕ್ಯಾಲ್‌ಡ್ಯಾವ್' ಮಾನಕದ ಮೂಲಕ. ಅದರಲ್ಲಿ ಫ್ರೀ-ಬ್ಯುಸಿ ಓದುವ ಹಕ್ಕು ಪೂರ್ತಿ ಓದುವ ಹಕ್ಕಿನಿಂದ ಬೇರೆಯಾದ, ತನ್ನದೇ ಹೆಸರಿನ ಹಕ್ಕು.

ಗೂಗಲ್ ಕ್ಯಾಲೆಂಡರ್ 2006ರ ಏಪ್ರಿಲ್ 13ರಂದು ಪ್ರಯೋಗಾವಸ್ಥೆಯಲ್ಲಿ ಬಿಡುಗಡೆಯಾಗಿ, 2009ರಲ್ಲಿ ಆ ಹಣೆಪಟ್ಟಿ ಕಳಚಿತು. ಔಟ್‌ಲುಕ್‌ನ ಉದ್ದನೆಯ ಮೆಟ್ಟಿಲುಗಳ ಬದಲು ಇಲ್ಲಿರುವುದು ನಾಲ್ಕೇ ಹಂತ: ಬಿಡುವು ಮಾತ್ರ ನೋಡುವುದು, ಎಲ್ಲ ವಿವರ ನೋಡುವುದು, ಕಾರ್ಯಕ್ರಮ ತಿದ್ದುವುದು, ತಿದ್ದುವುದರ ಜೊತೆಗೆ ಹಂಚಿಕೆಯನ್ನೂ ನಿಭಾಯಿಸುವುದು. ಸರಳವಾಗಿ ಕಂಡರೂ ಮೇಲಿನ ಎರಡು ಹಂತಗಳಲ್ಲಿ ಬಹುಮಂದಿ ಗಮನಿಸದ ಒಳಸುಳಿಗಳಿವೆ. ತಿದ್ದುವ ಹಕ್ಕು ಪಡೆದವರಿಗೆ ಪ್ರೈವೇಟ್ ಎಂದು ಗುರುತಿಸಿದ ಕಾರ್ಯಕ್ರಮದ ವಿವರವೂ ಕಾಣುತ್ತದೆ. ನಾಲ್ಕನೆಯ ಹಂತದವರು ಇನ್ನಷ್ಟು ಜನರನ್ನು ಒಳಗೆ ಬಿಟ್ಟುಕೊಳ್ಳಬಹುದು, ಬಹುಕಾಲ ಕ್ಯಾಲೆಂಡರನ್ನು ಶಾಶ್ವತವಾಗಿ ಅಳಿಸಿಯೂ ಹಾಕಬಹುದಿತ್ತು. ಮನೆಯ ಬೀಗದ ಕೈ ಕೊಡುವುದು ಬೇರೆ, ಖಾತೆಯನ್ನೇ ಅವರ ಹೆಸರಿಗೂ ಮಾಡಿಕೊಡುವುದು ಬೇರೆ. ಇದಲ್ಲದೆ 'ರಹಸ್ಯ ವಿಳಾಸ' ಎಂಬ ಒಂದು ಉದ್ದನೆಯ ಲಿಂಕ್ ಇದೆ. ಅದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಕೇಳದೆ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಸೋರಿಹೋದರೆ ವಿಳಾಸವನ್ನೇ ಹೊಸದು ಮಾಡಿಕೊಳ್ಳಬೇಕು. 'ಎಲ್ಲರಿಗೂ ತೆರೆದಿಡು' ಎಂಬ ಆಯ್ಕೆಯ ಅರ್ಥ ಕಚೇರಿಯ ಎಲ್ಲರಿಗೂ ಎಂದಲ್ಲ, ಜಗತ್ತಿಗೆಲ್ಲ ಎಂದು ಎಷ್ಟೋ ಜನಕ್ಕೆ ಹೊಳೆದದ್ದು ತಡವಾಗಿ. ಬಿಡುಗಡೆಯಾದ ಒಂದೇ ವರ್ಷದಲ್ಲಿ, ಹಾಗೆ ತೆರೆದಿಟ್ಟ ಕ್ಯಾಲೆಂಡರುಗಳಲ್ಲಿ ಕಂಪನಿಗಳ ಫೋನ್ ಮೀಟಿಂಗಿನ ನಂಬರು, ಪಾಸ್‌ಕೋಡ್ ಸಮೇತ ಹುಡುಕಾಟಕ್ಕೆ ಸಿಗುತ್ತಿವೆ ಎಂದು ಸುದ್ದಿಯಾಯಿತು.

ಈ ಇತಿಹಾಸಕ್ಕೆ ಬೆಂಗಳೂರಿನ ನಂಟು ಬೇರೊಂದು ಕಡೆಯಿಂದ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕೇಂದ್ರ ತೆರೆದು ಉಪಗ್ರಹ ಸಂಪರ್ಕದಿಂದ ಅಮೆರಿಕದೊಂದಿಗೆ ಕೆಲಸ ನಡೆಸಲು ತೊಡಗಿದಂದಿನಿಂದ ಈ ಊರಿನ ಕಚೇರಿಗಳಲ್ಲಿ ಎರಡು ಗಡಿಯಾರಗಳ ಬಾಳು ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಬೆಳಗಿನ 8 ಗಂಟೆ ಬೆಂಗಳೂರಿನ ರಾತ್ರಿ 8.30. ಚಳಿಗಾಲದಲ್ಲಿ ಅದೇ 8 ಗಂಟೆ ಇಲ್ಲಿ 9.30. ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಮೀಟಿಂಗಿನ ಒಡೆತನ ಅದನ್ನು ಕರೆದವರದು. ಕರೆಸಿಕೊಂಡವರು ಬರುತ್ತೇನೆ, ಬರಲ್ಲ, ನೋಡೋಣ ಎನ್ನಬಹುದು. ಬೇರೆ ಹೊತ್ತು ಸೂಚಿಸಬಹುದು, ಆದರೆ ಸಾಮಾನ್ಯವಾಗಿ ಹೊತ್ತನ್ನು ತಾವೇ ಸರಿಸುವಂತಿಲ್ಲ. ಹಾಗಾಗಿ ವಾರವಾರದ ಮೀಟಿಂಗೊಂದು ಅಲ್ಲಿನವರ ಹೆಸರಿನಲ್ಲಿದ್ದರೆ, ಬೆಂಗಳೂರಿನ ಊಟದ ಹೊತ್ತು ವರ್ಷಕ್ಕೆರಡು ಬಾರಿ ತಾನಾಗಿ ಒಂದು ಗಂಟೆ ಜರುಗುತ್ತದೆ. 2007ರಲ್ಲಿ ಅಮೆರಿಕ ಬೇಸಿಗೆ ಸಮಯವನ್ನು ಮಾರ್ಚಿನ ಎರಡನೆಯ ಭಾನುವಾರಕ್ಕೆ, ಅಂದರೆ ಮೂರು ವಾರ ಮುಂಚಿತವಾಗಿ ಆರಂಭಿಸಿತು. ಆಗ ಹಳೆಯ ನಿಯಮವನ್ನೇ ನೆಚ್ಚಿಕೊಂಡಿದ್ದ ಕ್ಯಾಲೆಂಡರುಗಳಲ್ಲಿ ಮೀಟಿಂಗುಗಳು ಒಂದು ಗಂಟೆ ಆಚೀಚೆಯಾದವು. ಅವನ್ನು ಸರಿಪಡಿಸಲೆಂದೇ ಕಂಪನಿಗಳು ತಿದ್ದುಪಡಿ ತಂತ್ರಾಂಶ ಹೊರಡಿಸಬೇಕಾಯಿತು.

ಓದುವ ಹಕ್ಕಿನ ಬಗ್ಗೆ ಇಷ್ಟೆಲ್ಲ ಎಚ್ಚರ ಬೆಳೆದರೂ ಬರೆಯುವ ಬಾಗಿಲೊಂದು ಬಹುಕಾಲ ಹಾರುಹೊಡೆದೇ ಇತ್ತು. ಆಹ್ವಾನ ಎಂದರೆ ಇನ್ನೊಬ್ಬರ ಕ್ಯಾಲೆಂಡರಿನಲ್ಲಿ ಬರೆದಂತೆಯೇ ಅಲ್ಲವೇ? ಮೇಲ್ ವಿಳಾಸ ಗೊತ್ತಿದ್ದ ಯಾರೇ ಕಳಿಸಿದರೂ ಒಪ್ಪಿಗೆಗೆ ಕಾಯದೆ ಅದು ಗೂಗಲ್ ಕ್ಯಾಲೆಂಡರಿನಲ್ಲಿ ಕೂರುತ್ತಿತ್ತು. 2019ರಲ್ಲಿ ವಂಚಕರು ಇದನ್ನೇ ಬಳಸಿಕೊಂಡು ಬಹುಮಾನ ಬಂದಿದೆ ಎಂಬ ಬಗೆಯ 'ಕಾರ್ಯಕ್ರಮ'ಗಳನ್ನು ಜನರ ಕ್ಯಾಲೆಂಡರುಗಳಿಗೆ ಸುರಿದರು. ಫೋನು ಅವುಗಳನ್ನೂ ನಿಷ್ಠೆಯಿಂದ ನೆನಪಿಸಿತು. ಗುರುತಿರುವವರ ಆಹ್ವಾನವನ್ನಷ್ಟೇ ಸೇರಿಸು ಎಂಬ ಆಯ್ಕೆಯನ್ನು ಗೂಗಲ್ ತಂದದ್ದು ಆ ಬಳಿಕ. ಇದರ ಇನ್ನೊಂದು ಮುಖ 2013ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ 'ಕ್ಯಾಲೆಂಡ್ಲಿ'ಯಂಥ ಸೇವೆಗಳು. ಅಲ್ಲಿ ಅಪರಿಚಿತರಿಗೆ ಲಿಂಕೊಂದನ್ನು ಕೊಡಲಾಗುತ್ತದೆ. ಖಾಲಿ ಇರುವ ಹೊತ್ತುಗಳು ಮಾತ್ರ ಅವರಿಗೆ ಕಾಣುತ್ತವೆ, ಅವುಗಳಲ್ಲಿ ಒಂದನ್ನು ಆರಿಸಿ ಹೆಸರು ಬರೆದರೆ ಭೇಟಿ ನಿಗದಿಯಾಗುತ್ತದೆ. ಉಳಿದ ಹೊತ್ತುಗಳಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ, ಅಲ್ಲಿ ಬರೆಯುವುದಕ್ಕೂ ಆಗುವುದಿಲ್ಲ.